ಕಲಬುರಗಿಯಿಂದ ಬೀದರಿಗೆ: ತಂಡದ ಸೈಕಲ್ ಪ್ರವಾಸದ ಕೊನೆಯ ದಿನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಿಂದ ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಹೋಗುವ ನಮ್ಮ ತಂಡದ ಚಳಿಗಾಲದ ಪ್ರವಾಸಕ್ಕೆ ಹೆಸರು ಕೊಡುವವರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಕೊನೆಯ ದಿನಕ್ಕೆ, ಅಂದರೆ ಕಲಬುರಗಿ ಬಿಟ್ಟು ಬೀದರ್ ಮುಟ್ಟುವ ದಿನಕ್ಕೆ ಸಂಬಂಧಿಸಿರುತ್ತವೆ. ಆ ಒಂದು ದಿನದ ವಿವರಗಳನ್ನಷ್ಟೇ ಇಲ್ಲಿ ಕೊಡಲಾಗಿದೆ.

ಆ ದಿನ ಎಷ್ಟು ದೂರ ತುಳಿಯಬೇಕು? ದಾರಿ ಎಂಥದ್ದು?

ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಸುಮಾರು 110ರಿಂದ 115 ಕಿಲೋಮೀಟರ್ ಆಗುತ್ತದೆ. ಕಲಬುರಗಿ ನಗರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಹುಮನಾಬಾದ್ ಮತ್ತು ಬೀದರ್ ಎರಡೂ 600 ಮೀಟರಿಗೂ ಮೇಲಿರುವ ಪ್ರಸ್ಥಭೂಮಿಯ ಊರುಗಳು. ಹೀಗಾಗಿ ದಿನದ ಒಟ್ಟು ಲೆಕ್ಕ ಏರಿಕೆಯದೇ. ಆದರೆ ಆ ಏರು ಮಲೆನಾಡಿನ ಘಾಟಿಗಳಂತೆ ಒಂದೇ ಕಡೆ ಎದುರಿಗೆ ನಿಲ್ಲುವುದಿಲ್ಲ. ಮಹಾಗಾಂವ್ ಕ್ರಾಸಿನವರೆಗೆ ರಸ್ತೆ ಬಹುಮಟ್ಟಿಗೆ ಸಪಾಟಾಗಿದ್ದು, ಕಮಲಾಪುರ ದಾಟಿದ ಮೇಲೆ ದಿಬ್ಬ, ಇಳಿಜಾರು, ಮತ್ತೆ ದಿಬ್ಬ ಎಂಬ ಕ್ರಮದಲ್ಲಿ ಎತ್ತರ ಕೂಡುತ್ತಾ ಹೋಗುತ್ತದೆ. ಅದುವರೆಗೆ ಎರಡೂ ಬದಿಗೆ ಕಾಣುವ ಕರಿ ಎರೆಭೂಮಿ ಬೀದರ್ ಸಮೀಪಿಸಿದಂತೆ ಕೆಂಪು ಜಂಬಿಟ್ಟಿಗೆಯ ನೆಲಕ್ಕೆ ತಿರುಗುವುದನ್ನು ಗಮನಿಸಿದರೆ, ಎಷ್ಟು ದೂರ ಬಂದಿದ್ದೇವೆ ಎಂಬುದು ಮೀಟರ್ ನೋಡದೆಯೂ ತಿಳಿಯುತ್ತದೆ.

ಈ ದಿನ ಕಷ್ಟವೆನಿಸುವುದು ದೂರದಿಂದಲ್ಲ, ಏರಿನಿಂದಲೂ ಅಲ್ಲ. ಎದುರುಗಾಳಿ ಮತ್ತು ಮಧ್ಯಾಹ್ನದ ಬಿಸಿಲು ಕೂಡಿದಾಗ ಅದು ಭಾರವಾಗುತ್ತದೆ. ಕೆಳಗಿನ ಬಹುತೇಕ ಉತ್ತರಗಳು ಆ ಕಾರಣಕ್ಕೇ ಹಾಗಿವೆ.

ಬೆಳಗ್ಗೆ ಎಷ್ಟು ಗಂಟೆಗೆ ಹೊರಡುತ್ತೇವೆ? ಅಷ್ಟು ಬೇಗ ಏಕೆ?

ಡಿಸೆಂಬರ್ ಕೊನೆಯ ಹೊತ್ತಿಗೆ ಈ ಭಾಗದಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಆಸುಪಾಸಿಗೆ. ಮುಳುಗುವುದು ಆರು ಗಂಟೆಗೂ ತುಸು ಮೊದಲು. ಕೈಯಲ್ಲಿರುವ ಬೆಳಕು ಹನ್ನೊಂದು ತಾಸು. ಗಂಟೆಗೆ 16ರಿಂದ 18 ಕಿಲೋಮೀಟರ್ ಸರಾಸರಿಯಲ್ಲಿ ತುಳಿದರೂ ಸೀಟಿನ ಮೇಲೆ ಕೂತಿರುವ ಸಮಯವೇ ಆರರಿಂದ ಏಳು ತಾಸು ಆಗುತ್ತದೆ. ಊಟ, ಚಹಾ, ಪಂಕ್ಚರ್, ಒಬ್ಬರಿಗೊಬ್ಬರು ಕಾಯುವುದು ಎಲ್ಲ ಸೇರಿದರೆ ಇನ್ನೂ ಎರಡೂವರೆ ತಾಸು ಬೇಕು. ಆದ್ದರಿಂದ ಐದೂವರೆಗೆ ಎಲ್ಲರೂ ಸಿದ್ಧರಾಗಿ, ಆರೂಕಾಲಿಗೆ, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ದೀಪ ಹೊತ್ತಿಸಿಕೊಂಡು ಕಲಬುರಗಿ ನಗರದಲ್ಲೇ ಇರುವ ಹುಮನಾಬಾದ್ ಬೇಸ್ ಎಂಬ ಜಾಗವನ್ನು ಬಿಡುವುದು ನಮ್ಮ ಪದ್ಧತಿ. ಆ ಹೊತ್ತಿಗೆ ಮಸುಕು ಬೆಳಕಿರುತ್ತದೆ. ಪೂರ್ಣ ಕತ್ತಲಲ್ಲಿ ಹೆದ್ದಾರಿಗೆ ಇಳಿಯುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಹತ್ತೂವರೆಯ ಒಳಗೆ ಕಮಲಾಪುರ ದಾಟಿ ದಿಬ್ಬಗಳ ಮೊದಲರ್ಧ ಮುಗಿಸಿದ ತಂಡಕ್ಕೆ ಉಳಿದ ದಿನ ಹಗುರಾಗುತ್ತದೆ. ಅದೇ ತಂಡ ಮೊದಲ ಚಹಾದಂಗಡಿಯಲ್ಲಿ ಮುಕ್ಕಾಲು ತಾಸು ಕೂತರೆ ಅದರ ಬಡ್ಡಿಯನ್ನು ಮಧ್ಯಾಹ್ನ ಮೂರಕ್ಕೆ ಕಟ್ಟಬೇಕಾಗುತ್ತದೆ.

ಚಳಿಗಾಲದಲ್ಲಿ ಗಾಳಿ ಅಷ್ಟೊಂದು ಕಾಡುತ್ತದೆಯೇ?

ಕಾಡುತ್ತದೆ, ಮತ್ತು ಹೊರಗಿನಿಂದ ಬಂದವರು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಇದೊಂದೇ. ಮಳೆಗಾಲದಲ್ಲಿ ನೈಋತ್ಯದಿಂದ ಬೀಸುವ ಗಾಳಿ ಚಳಿಗಾಲಕ್ಕೆ ದಿಕ್ಕು ಬದಲಿಸಿ ಪೂರ್ವ ಮತ್ತು ಈಶಾನ್ಯದ ಕಡೆಯಿಂದ ಬೀಸತೊಡಗುತ್ತದೆ. ಕಲಬುರಗಿಯಿಂದ ಬೀದರ್ ಇರುವುದು ಸರಿಯಾಗಿ ಅದೇ ದಿಕ್ಕಿಗೆ. ಬೆಳಗಿನ ಜಾವ ಗಾಳಿ ಇಲ್ಲವೇನೋ ಎಂಬಂತಿರುತ್ತದೆ; ಬಿಸಿಲಿಗೆ ನೆಲ ಕಾದಂತೆ ಮೇಲಿನ ಪದರದ ಗಾಳಿ ಕೆಳಗಿಳಿದು, ಹತ್ತು-ಹನ್ನೊಂದರ ಹೊತ್ತಿಗೆ ಮುಖಕ್ಕೆ ಬಡಿಯಲು ಶುರುವಾಗುತ್ತದೆ. ಮರಗಿಡ ವಿರಳವಾದ ಬಯಲಿನಲ್ಲಿ ಅದನ್ನು ತಡೆಯುವಂಥದ್ದು ಏನೂ ಇಲ್ಲ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೀವು 18 ಕಿಲೋಮೀಟರ್ ವೇಗದಲ್ಲಿ ತುಳಿಯುತ್ತಿರುವಾಗ ಎದುರಿನಿಂದ 12 ಕಿಲೋಮೀಟರ್ ವೇಗದ ಗಾಳಿ ಬಂದರೆ, ಮೈಗೆ ತಾಗುವ ಗಾಳಿ 30 ಕಿಲೋಮೀಟರಿನದ್ದು. ನಿಶ್ಚಲ ಗಾಳಿಗೆ ಹೋಲಿಸಿದರೆ ತಡೆ ಎರಡೂವರೆ ಪಟ್ಟಿಗಿಂತ ಹೆಚ್ಚು. ಇಂಥ ಹೊತ್ತಿನಲ್ಲಿ ವೇಗ ಉಳಿಸಿಕೊಳ್ಳಲು ಹೆಣಗುವುದು ವ್ಯರ್ಥ. ಗೇರ್ ಇಳಿಸಿ, ವೇಗ 13ಕ್ಕೆ ಬಂದರೆ ಬರಲಿ ಎಂದು ಬಿಟ್ಟು, ಮೊಣಕೈ ಮಡಚಿ ಮೈ ತಗ್ಗಿಸಿ, ಮುಂದಿನವರ ಹಿಂದೆ ಸಾಲಾಗಿ ಹೋಗಬೇಕು. ಮುಂದಿರುವವರು ಹತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಗಟ್ಟಿಮುಟ್ಟಾದವರು ಮುಂದಿನ ಸರದಿಯನ್ನು ತುಸು ಹೆಚ್ಚು ಹೊತ್ತು ಹೊರುತ್ತಾರೆ. ಅದಕ್ಕೆ ಪ್ರತಿಯಾಗಿ ಹಿಂದಿನವರು ಅಡ್ಡಾದಿಡ್ಡಿ ಹೊರಳದೆ, ತಟ್ಟನೆ ಬ್ರೇಕ್ ಹಾಕದೆ ತುಳಿಯಬೇಕು.

ನಾನು ಹಿಂದೆ ಬಿದ್ದರೆ?

ಹಿಂದೆ ಬೀಳುವವರು ಇದ್ದೇ ಇರುತ್ತಾರೆಂದು ಎಣಿಸಿಯೇ ವ್ಯವಸ್ಥೆ ಮಾಡಿರುತ್ತೇವೆ. ಎಲ್ಲರಿಗಿಂತ ಮುಂದೆ ದಾರಿ ಗೊತ್ತಿರುವ ಒಬ್ಬರು, ಎಲ್ಲರಿಗಿಂತ ಹಿಂದೆ ರಿಪೇರಿ ಗೊತ್ತಿರುವ ಒಬ್ಬರು ಇರುತ್ತಾರೆ. ಹಿಂದಿರುವ ಆ ಒಬ್ಬರಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ, ಮುಂದಿರುವ ಆ ಒಬ್ಬರನ್ನು ಯಾರೂ ದಾಟುವಂತಿಲ್ಲ. ಮಹಾಗಾಂವ್ ಕ್ರಾಸ್, ಕಮಲಾಪುರ, ಹುಮನಾಬಾದ್, ಹಳ್ಳಿಖೇಡ (ಬಿ) ಈ ನಾಲ್ಕು ಕಡೆ ಇಡೀ ತಂಡ ಕೂಡಿಯೇ ಮುಂದೆ ಹೊರಡುತ್ತದೆ. ಕೊನೆಗೆ ಬಂದವರಿಗೂ ಪೂರ್ತಿ ಹತ್ತು ನಿಮಿಷದ ವಿಶ್ರಾಂತಿ ಸಿಗಬೇಕೆಂಬುದು ನಿಯಮ. ಅವರು ಬಂದು ಮುಟ್ಟಿದ ತಕ್ಷಣ ಉಳಿದವರು ಎದ್ದು ಹೊರಡುವ ಕೆಟ್ಟ ರೂಢಿ ಹಲವು ತಂಡಗಳಲ್ಲಿದೆ. ನಿಧಾನದವರು ಸುಸ್ತಾಗಿ ಕೈಚೆಲ್ಲಲು ಅರ್ಧ ಕಾರಣ ಅದೇ.

ಸಾಮಾನು ಹೊತ್ತ ವಾಹನ ಹಿಂದೆ ಬರುತ್ತಿರುತ್ತದೆ. ಸಂಜೆ ನಾಲ್ಕಕ್ಕೆ ಹಳ್ಳಿಖೇಡ ತಲುಪದವರನ್ನು ಅದರಲ್ಲಿ ಕೂರಿಸಿಕೊಳ್ಳುತ್ತೇವೆ. ಈ ಮಾತಿನಲ್ಲಿ ಚೌಕಾಶಿ ಇಲ್ಲ.

ಗಂಟೆಗಟ್ಟಲೆ ತುಳಿಯುವ ಬ್ರೆವೆಗಳಿಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳಿಗೆ) ಹೋದವರಿಗೆ ಇದು ಸಪ್ಪೆಯೆನಿಸುವುದೇ?

ಬ್ರೆವೆಯಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ತಾಸಿನ ಗಡುವಿದ್ದು, ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ತುಳಿಯುತ್ತಾರೆ. ಇಲ್ಲಿ ತಂಡದ ವೇಗವೇ ನಿಮ್ಮ ವೇಗ. ಅದು ಒಗ್ಗದವರು ಬಾರದಿರುವುದು ಎರಡೂ ಕಡೆಯವರಿಗೆ ಒಳಿತು.

ಯಾವ ಸೈಕಲ್ ತರಬೇಕು?

ಗೇರ್ ಇರುವ, ಬ್ರೇಕ್ ಗಟ್ಟಿಯಾಗಿರುವ, ನಿಮ್ಮ ಅಳತೆಗೆ ಸರಿಯಾದ ಯಾವ ಸೈಕಲ್ ಆದರೂ ನಡೆಯುತ್ತದೆ. ದಪ್ಪ ಟೈರಿನ ಸೈಕಲ್ ತರುವವರು ಮುಂದಿನ ಶಾಕ್ ಲಾಕ್ ಮಾಡಿ, ಟೈರಿನ ಮೇಲೆ ಬರೆದಿರುವ ಮಿತಿಯೊಳಗೆ ಹವಾ ತುಸು ಗಟ್ಟಿ ಇಟ್ಟುಕೊಂಡರೆ ಡಾಂಬರಿನ ಮೇಲೆ ಶ್ರಮ ಕಡಿಮೆಯಾಗುತ್ತದೆ. ತೀರಾ ಸಣ್ಣ ಟೈರಿನ ರೇಸಿಂಗ್ ಸೈಕಲ್ಲಿಗಿಂತ 28ರಿಂದ 35 ಮಿಲಿಮೀಟರ್ ಟೈರಿನದು ಈ ರಸ್ತೆಗೆ ವಾಸಿ, ಏಕೆಂದರೆ ದೊಡ್ಡ ವಾಹನ ಬಂದಾಗ ಪಕ್ಕದ ಮೊರಂಗೆ ಇಳಿಯುವ ಪ್ರಸಂಗ ಬಂದೇ ಬರುತ್ತದೆ. ಹೊಸ ಸೀಟನ್ನು ಪ್ರವಾಸದ ಹಿಂದಿನ ದಿನ ಕೂರಿಸಿಕೊಂಡು ಬರಬೇಡಿ. ಬ್ಯಾಟರಿ ಸೈಕಲ್ಲುಗಳಿಗೆ ಸದ್ಯ ಅವಕಾಶವಿಲ್ಲ.

ಪಂಕ್ಚರ್ ಆದರೆ ದಾರಿಯಲ್ಲಿ ಅಂಗಡಿಗಳಿಲ್ಲವೇ?

ಅಂಗಡಿಗಳಿಗೆ ಬರವಿಲ್ಲ. ಹೆದ್ದಾರಿಯ ಪ್ರತಿ ಕ್ರಾಸಿನಲ್ಲೂ ಹಳೆಯ ಟೈರ್ ನೇತುಹಾಕಿರುವ ಪಂಕ್ಚರ್ ಅಂಗಡಿ ಕಾಣುತ್ತದೆ, ಅಲ್ಲಿರುವವರು ಕೈಕೆಲಸದಲ್ಲಿ ನಿಪುಣರೂ ಹೌದು. ಆದರೆ ಅಲ್ಲಿನ ಹವಾ ಯಂತ್ರದ ನಳಿಕೆ ಲಾರಿ, ಟ್ರ್ಯಾಕ್ಟರ್, ಬೈಕುಗಳ ದಪ್ಪ ವಾಲ್ವಿಗೆ ಕೂರುತ್ತದೆಯೇ ಹೊರತು ಹೊಸ ಮಾದರಿಯ ಸೈಕಲ್ಲುಗಳ ಸಣ್ಣ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ವಾಲ್ವಿನ ಮೇಲೆಯೇ ತಿರುಗಿಸಿಟ್ಟುಕೊಂಡಿದ್ದರೆ ಈ ತೊಡಕಿರದು. ಹಾಗೆ ಹವಾ ಹಿಡಿಸುವಾಗ ಒಂದೇ ಸಮನೆ ಬಿಡಗೊಡದೆ, ಚಿಟಿಕೆ ಚಿಟಿಕೆಯಾಗಿ ಬಿಡಿಸಿ, ನಡುವೆ ಹೆಬ್ಬೆರಳಿನಿಂದ ಟೈರ್ ಒತ್ತಿ ನೋಡುತ್ತಿರಿ. ಲಾರಿ ಟೈರಿಗೆಂದು ಇರುವ ಒತ್ತಡ ಸೈಕಲ್ ಟ್ಯೂಬನ್ನು ಕ್ಷಣಾರ್ಧದಲ್ಲಿ ಸಿಡಿಸಬಲ್ಲದು. 700 ಅಳತೆಯ ಟ್ಯೂಬುಗಳು ಈ ಅಂಗಡಿಗಳಲ್ಲಿ ಸಿಗುವುದಿಲ್ಲವಾದ್ದರಿಂದ ಪ್ರತಿಯೊಬ್ಬರೂ ಎರಡು ಟ್ಯೂಬು, ಟೈರ್ ಬಿಚ್ಚುವ ಎರಡು ಕಡ್ಡಿ, ಪ್ಯಾಚು ಮತ್ತು ಕೈಪಂಪು ಇಟ್ಟುಕೊಳ್ಳುವುದು ಕಡ್ಡಾಯ.

ಈ ಭಾಗದ ಪಂಕ್ಚರುಗಳ ಮೂಲ ಬಹುತೇಕ ಒಂದೇ: ರಸ್ತೆಯಂಚಿನ ಬಳ್ಳಾರಿ ಜಾಲಿಯ ಮುಳ್ಳು. ಉರುವಲಿಗೆ ಕಡಿದ ಜಾಲಿ ಹೊರೆ ಸಾಗಿಸುವಾಗ ಉದುರಿದ ಮುಳ್ಳು ಡಾಂಬರಿನ ಅಂಚಿನಲ್ಲೇ ಬಿದ್ದಿರುತ್ತದೆ. ಅದು ಟೈರಿನೊಳಗೆ ಹೊಕ್ಕ ಮೇಲೆ ತುದಿ ಮುರಿದು ರಬ್ಬರಿನಲ್ಲೇ ಉಳಿಯುತ್ತದೆ. ಹೊರಗಿನಿಂದ ಸಣ್ಣ ಕಪ್ಪು ಚುಕ್ಕೆಯಷ್ಟೇ ಕಾಣುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅರ್ಧ ಫರ್ಲಾಂಗಿನಲ್ಲಿ ಅದೂ ಇಳಿಯುತ್ತದೆ. ಟ್ಯೂಬಿನಲ್ಲಿ ತೂತು ಎಲ್ಲಿದೆಯೆಂದು ನೋಡಿ, ಅದನ್ನು ಟೈರಿನ ಪಕ್ಕಕ್ಕೆ ವಾಲ್ವಿನಿಂದ ಅಳೆದು ಹಿಡಿದರೆ ಮುಳ್ಳಿರುವ ಜಾಗ ಸಿಗುತ್ತದೆ. ಆಮೇಲೆ ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸವರಿ, ಚುಚ್ಚಿದ ಕಡೆ ಹೊರಗಿನಿಂದ ಬಗ್ಗಿಸಿ, ಉಗುರು ಕಟರಿನಿಂದ ತುದಿ ಹಿಡಿದು ಎಳೆಯಬೇಕು. ಈ ಕೆಲಸವನ್ನು ಮನೆಯಲ್ಲಿ ಒಮ್ಮೆ ಮಾಡಿ ಬಂದವರು ರಸ್ತೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ.

ಅಕಾಲಿಕ ಮಳೆ ಬಿದ್ದಿದ್ದರೆ ಸೈಕಲ್ಲನ್ನು ಯಾವ ಕಾರಣಕ್ಕೂ ಎರೆಹೊಲದ ದಾರಿಗೆ ಇಳಿಸಬೇಡಿ. ಹಸಿ ಎರೆಮಣ್ಣು ಗಾಲಿಗೆ ಅಂಟಿ, ಬ್ರೇಕು-ಮಡ್‌ಗಾರ್ಡುಗಳ ಸಂದಿಯಲ್ಲಿ ತುಂಬಿಕೊಂಡು, ಹತ್ತು ಹೆಜ್ಜೆಗೆ ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ.

ನೀರು ಮತ್ತು ಊಟದ ವ್ಯವಸ್ಥೆ ಹೇಗೆ?

ಪ್ರತಿಯೊಬ್ಬರ ಬಳಿ ಒಂದೂವರೆ ಲೀಟರ್ ನೀರು ಯಾವಾಗಲೂ ಇರಬೇಕು. ಚಳಿಗಾಲದಲ್ಲಿ ತಾಸಿಗೆ ಅರ್ಧ ಲೀಟರ್, ಬಿಸಿಲೇರಿದ ಮೇಲೆ ಮುಕ್ಕಾಲು ಲೀಟರಿನಂತೆ ಗುಟುಕು ಗುಟುಕಾಗಿ ಕುಡಿಯಬೇಕು. ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಬೆವರೇ ಬಂದಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದರೆ ಸಾಕಷ್ಟು ಬೆವರು ಹೋಗಿದೆಯೆಂದೇ ಅರ್ಥ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಸರಿಯಲ್ಲ. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿಕೊಳ್ಳಬಹುದು. ಉಪ್ಪು ಹಾಕಿದ ಮಜ್ಜಿಗೆಯಂತೂ ಎಲ್ಲ ಕಡೆ ಸಿಗುತ್ತದೆ.

ಹೊರಡುವ ಮೊದಲು ಚಹಾ, ಬಾಳೆಹಣ್ಣು. ಮಹಾಗಾಂವ್ ಕ್ರಾಸಿನಲ್ಲಿ ಸುಸಲಾ ಅಥವಾ ಉಪ್ಪಿಟ್ಟು. ಸುಸಲಾದ ಜೊತೆಗೆ ಬರುವ ಮಿರ್ಚಿ ಭಜಿಯನ್ನು ಬೇಡವೆನ್ನುವುದು ಈ ಸೀಮೆಯಲ್ಲಿ ಕಷ್ಟವೇ, ಆದರೂ ಒಂದಕ್ಕೆ ನಿಲ್ಲಿಸಿದರೆ ಮುಂದಿನ ದಿಬ್ಬಗಳಲ್ಲಿ ಎದೆಯುರಿ ತಪ್ಪುತ್ತದೆ. ಕಮಲಾಪುರದಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಅಲ್ಲಿನ ಕೆಂಬಾಳೆ ಸಿಗುತ್ತದೆ. ಸಾಮಾನ್ಯ ಬಾಳೆಗಿಂತ ದುಬಾರಿಯಾದರೂ ಹೊಟ್ಟೆಗೆ ಹಿತವಾದ, ಜೇಬಿನಲ್ಲಿಟ್ಟರೆ ಬೇಗ ಹಿಸುಕಿಹೋಗದ ಆ ಹಣ್ಣಿಗಿಂತ ಒಳ್ಳೆಯ ದಾರಿಬುತ್ತಿ ಈ ರಸ್ತೆಯಲ್ಲಿ ಮತ್ತೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಎರಡು ತಿಂದು, ಎರಡು ಕಟ್ಟಿಕೊಳ್ಳಿ.

ಮಧ್ಯಾಹ್ನದ ಊಟ ಹುಮನಾಬಾದಿನ ಖಾನಾವಳಿಯಲ್ಲಿ: ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ, ಶೇಂಗಾ ಹಿಂಡಿ, ಅನ್ನ. ಇಲ್ಲಿ ರೊಟ್ಟಿಯನ್ನು ಒತ್ತಾಯ ಮಾಡಿ ಬಡಿಸುತ್ತಾರೆ. ಊಟದ ನಂತರ ಇನ್ನೂ 50 ಕಿಲೋಮೀಟರ್ ಇರುವುದರಿಂದ ಅರ್ಧ ಹೊಟ್ಟೆಗೆ ಎದ್ದು, ಅರ್ಧ ತಾಸು ನೆರಳಿನಲ್ಲಿ ಕೂತು, ಉಳಿದದ್ದನ್ನು ಶೇಂಗಾ ಚಿಕ್ಕಿ ಮತ್ತು ಕಬ್ಬಿನ ಹಾಲಿನಲ್ಲಿ ತುಂಬಿಕೊಳ್ಳುವುದು ಜಾಣತನ.

ಹೆದ್ದಾರಿಯಲ್ಲಿ ಹೋಗುವುದು ಅಪಾಯವಲ್ಲವೇ?

ಅಪಾಯ ಇಲ್ಲವೆಂದು ಹೇಳಲಾರೆವು. ಅದು ಯಾವ ಕಡೆಯಿಂದ ಬರುತ್ತದೆಂದು ತಿಳಿದಿದ್ದರೆ ಬಹುಪಾಲು ತಪ್ಪಿಸಬಹುದು. ಲಾರಿ ಚಾಲಕರು ಸಾಮಾನ್ಯವಾಗಿ ಹಾರ್ನ್ ಮಾಡಿ, ಜಾಗ ಬಿಟ್ಟು ದಾಟುತ್ತಾರೆ. ಹೆಚ್ಚು ಎಚ್ಚರ ಬೇಕಾದದ್ದು ಟಂಟಂ ಮತ್ತು ಕ್ರೂಸರ್ ಗಾಡಿಗಳ ಬಗ್ಗೆ: ಕೈ ಮಾಡಿದ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಅವು ನಿಮ್ಮನ್ನು ದಾಟಿದ ಮರುಕ್ಷಣವೇ ಎಡಕ್ಕೆ ಎಳೆದು ನಿಂತುಬಿಡುತ್ತವೆ. ಕ್ರಾಸುಗಳು ಬಂದಾಗ ಎರಡೂ ಬ್ರೇಕಿನ ಮೇಲೆ ಬೆರಳಿರಲಿ.

ಎರಡನೆಯದು ಕಬ್ಬಿನ ಟ್ರ್ಯಾಕ್ಟರ್. ಬೀದರ್ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ನಮ್ಮ ಪ್ರವಾಸದ ಸಮಯದಲ್ಲೇ ಇರುತ್ತದೆ. ಜೋಡಿ ಟ್ರೇಲರಿನಲ್ಲಿ ಅಗಲಕ್ಕೂ ಎತ್ತರಕ್ಕೂ ಹೇರಿದ ಕಬ್ಬಿನ ಸೂಲಂಗಿ ಚಾಲಕರ ಕನ್ನಡಿಯನ್ನೇ ಮುಚ್ಚಿರುತ್ತದೆ. ಹಿಂದಿರುವ ನೀವು ಅವರಿಗೆ ಕಾಣುವುದೇ ಇಲ್ಲ. ಅದರ ಪಕ್ಕದಲ್ಲಿ ತುಳಿಯಬೇಡಿ, ಇಳಿಜಾರಿನಲ್ಲಿ ದಾಟಲು ಹೋಗಬೇಡಿ. ಕತ್ತಲಾದ ಮೇಲೆ ಹಿಂಬದಿ ದೀಪವಿಲ್ಲದ ಟ್ರೇಲರುಗಳು ರಸ್ತೆಯಲ್ಲೇ ನಿಂತಿರುವುದುಂಟು. ಆರರೊಳಗೆ ಬೀದರ್ ಸೇರಬೇಕೆಂಬ ನಮ್ಮ ಹಟಕ್ಕೆ ಇದೂ ಒಂದು ಕಾರಣ.

ಹುಮನಾಬಾದಿನಲ್ಲಿ ನಮ್ಮ ದಾರಿಯನ್ನು ಪುಣೆ-ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಅಡ್ಡಹಾಯುತ್ತದೆ. ಅಲ್ಲಿ ಒಬ್ಬೊಬ್ಬರಾಗಿ ನುಗ್ಗದೆ, ತಂಡವಾಗಿ ನಿಂತು, ಮುಂದಾಳು ಕೈ ಮಾಡಿದ ಮೇಲೆಯೇ ದಾಟಬೇಕು. ತೊಗರಿ ರಾಶಿಯ ದಿನಗಳಲ್ಲಿ ಒಳರಸ್ತೆಗಳ ಮೇಲೆ ತೊಗರಿ ಹರಡಿರುತ್ತಾರೆ. ಒಣ ಕಾಯಿ-ಕಟ್ಟಿಗೆಯ ಮೇಲೆ ಗಾಲಿ ಜಾರುತ್ತದೆ, ಜೊತೆಗೆ ಅದು ರೈತರ ವರ್ಷದ ದುಡಿಮೆ. ಇಳಿದು ಪಕ್ಕದಿಂದ ನಡೆದುಹೋಗಿ.

ಹೆಲ್ಮೆಟ್ ಇಲ್ಲದವರನ್ನು ಹೊರಡಲು ಬಿಡುವುದಿಲ್ಲ. ಎರಡೂ ಕಿವಿಗೆ ಇಯರ್‌ಫೋನ್ ನಿಷಿದ್ಧ. ತುರ್ತು ಸಂದರ್ಭಕ್ಕೆ 112, ಆಂಬುಲೆನ್ಸಿಗೆ 108, ಹೆದ್ದಾರಿ ಸಹಾಯಕ್ಕೆ 1033 ಸಂಖ್ಯೆಗಳನ್ನು ಫೋನಿನಲ್ಲಿ ಉಳಿಸಿಕೊಂಡಿರಿ.

ನಾಯಿಗಳು ಬೆನ್ನಟ್ಟಿದರೆ?

ವೇಗ ಹೆಚ್ಚಿಸಬೇಡಿ. ನಿಧಾನಿಸಿ, ಗದರಿಸಿ, ಬಿಡದಿದ್ದರೆ ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಕಚ್ಚಿದ್ದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಪಡೆಯಲೇಬೇಕು.

ಮಹಿಳೆಯರಿಗೆ ಶೌಚಾಲಯದ ಅನುಕೂಲ ಇದೆಯೇ?

ಕಮಲಾಪುರ ಮತ್ತು ಹುಮನಾಬಾದಿನ ಬಸ್ ನಿಲ್ದಾಣಗಳಲ್ಲಿ, ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಇದೆ. ಎಲ್ಲ ಬಂಕುಗಳ ಸ್ಥಿತಿಯೂ ಒಂದೇ ತೆರನಲ್ಲ. ಹೊರಡುವ ಹಿಂದಿನ ವಾರ ನಮ್ಮ ತಂಡದ ಮಹಿಳೆಯರೇ ದಾರಿಯುದ್ದಕ್ಕೂ ನೋಡಿಕೊಂಡು ಬಂದು, ಬಳಸಬಹುದಾದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ಕೊಡುತ್ತಾರೆ. ಶೌಚಾಲಯ ಸಿಗದೀತೆಂದು ನೀರು ಕುಡಿಯುವುದನ್ನು ಕಡಿಮೆ ಮಾಡುವ ಅಭ್ಯಾಸ ಅನೇಕರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಜಾಗದಲ್ಲಿ ನಿಲ್ಲಬೇಕೆಂದರೂ ತಂಡ ನಿಲ್ಲುತ್ತದೆ.

ಬಿಸಿಲಿನಿಂದ ಆರೋಗ್ಯ ಕೆಟ್ಟರೆ ಗುರುತಿಸುವುದು ಹೇಗೆ?

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ಮೀರುವುದು ಸಾಮಾನ್ಯವಾದ್ದರಿಂದಲೇ ನಾವು ಆಗ ಪ್ರವಾಸ ಇಟ್ಟುಕೊಳ್ಳುವುದಿಲ್ಲ. ಚಳಿಗಾಲದಲ್ಲೂ ಮಧ್ಯಾಹ್ನ ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ತಕ್ಷಣ ನಿಲ್ಲಿಸಿ, ನೆರಳಿಗೆ ಹೋಗಿ, ಉಪ್ಪು-ಸಕ್ಕರೆಯ ನೀರು ಕುಡಿಯಬೇಕು. ಮಾತು ತೊದಲಿದರೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಕೊಟ್ಟರೆ ಅದು ದಣಿವಲ್ಲ. ಅಂಥವರ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡಬೇಕು. ಈ ಲಕ್ಷಣಗಳು ಪಕ್ಕದವರಿಗೆ ಕಾಣುವಷ್ಟು ಬೇಗ ಸ್ವತಃ ಅವರಿಗೆ ತಿಳಿಯುವುದಿಲ್ಲವಾದ್ದರಿಂದ ಇಬ್ಬಿಬ್ಬರ ಜೋಡಿ ಮಾಡಿರುತ್ತೇವೆ.

ದಾರಿಯಲ್ಲಿ ಜನ ನಿಲ್ಲಿಸಿ ಮಾತನಾಡಿಸುತ್ತಾರಂತೆ?

ಹೌದು. “ಯಾ ಊರ್ರೀ ನಿಮ್ದು?” ಎಂದು ಶುರುವಾಗಿ, “ಸೈಕಲ್ಲಿಗೆ ಎಷ್ಟ್ ರೊಕ್ಕಾ ಕೊಟ್ರೀ?” ಎಂಬಲ್ಲಿಗೆ ಬರುತ್ತದೆ. ಬೆಲೆ ಹೇಳಿದರೆ ಅಷ್ಟಕ್ಕೆ ಮೋಟಾರ್ ಬೈಕೇ ಬರುತ್ತಿತ್ತಲ್ಲ ಎಂಬ ಮರುಕವೂ ಉಚಿತವಾಗಿ ಸಿಗುತ್ತದೆ. ಹುಮನಾಬಾದ್ ದಾಟಿದ ಮೇಲೆ ಕನ್ನಡದ ಜೊತೆಗೆ ದಖನಿ, ಮರಾಠಿ, ತೆಲುಗು ಮಾತುಗಳೂ ಕಿವಿಗೆ ಬೀಳುತ್ತವೆ. ಚಹಾ ಕುಡಿದು ಹೋಗಿರೆಂದು ಕರೆದವರಿಗೆ ಸಮಯವಿಲ್ಲದಿದ್ದರೆ ಕೈಮುಗಿದು ಹೇಳಿ ಹೊರಡಿ, ಕೇಳಿಸದವರಂತೆ ಹೋಗಬೇಡಿ.

ಅದೇ ದಿನ ಬಸವಕಲ್ಯಾಣ ನೋಡಿಕೊಂಡು ಹೋಗಬಹುದೇ?

ಆಗದು. ಅದು ಹುಮನಾಬಾದಿನಿಂದ ಪಶ್ಚಿಮಕ್ಕಿದೆ, ನಾವು ಹೋಗುವುದು ಈಶಾನ್ಯಕ್ಕೆ. ಪ್ರವಾಸ ಮುಗಿದ ಮೇಲೆ ಬಸ್ಸಿನಲ್ಲಿ ಹೋಗಿಬನ್ನಿ.

ಬೀದರ್ ತಲುಪಿದ ಸಂಜೆಯೇ ಕೋಟೆ ನೋಡಲು ಸಮಯ ಸಿಗುವುದೇ?

ಸಿಗುವುದಿಲ್ಲ, ಸಿಕ್ಕರೂ ಬೇಡ. 1347ರಲ್ಲಿ ಕಲಬುರಗಿಯಲ್ಲಿ ನೆಲೆಯೂರಿದ ಬಹಮನಿ ಅರಸರು ಮುಂದಿನ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಬೀದರಿಗೆ ಸಾಗಿಸಿದರು. ಎರಡೂ ರಾಜಧಾನಿಗಳನ್ನು ಒಂದೇ ಸವಾರಿಯಲ್ಲಿ ಜೋಡಿಸುವ ಈ ದಾರಿಯ ಕೊನೆಯ ಕೋಟೆಯನ್ನು ನಡುಗುವ ಕಾಲಿನಲ್ಲಿ, ಮಬ್ಬುಗತ್ತಲಲ್ಲಿ ನೋಡುವುದು ಅದಕ್ಕೆ ಮಾಡುವ ಅನ್ಯಾಯ. ಸಂಜೆ ನೌಬಾದ್ ಕಡೆಯಿಂದ ಊರು ಹೊಕ್ಕು, ಸ್ನಾನ ಮುಗಿಸಿ, ಚೈನಿನ ಧೂಳು ಒರೆಸಿ ಎಣ್ಣೆ ಬಿಟ್ಟು ಮಲಗಿರಿ. ಮರುದಿನ ಬೆಳಗ್ಗೆ ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು, ಮನಸ್ಸಿದ್ದವರಿಗೆ ನೌಬಾದಿನ ನೆಲದೊಳಗಿನ ಕರೇಜ್ ಕಾಲುವೆ. ಅಡಿಗೆ ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ಕೊಂಡಿ) ಇರುವ ಬೂಟು ಹಾಕಿಕೊಂಡು ಕೋಟೆಯ ಕಲ್ಲುಮೆಟ್ಟಿಲು ಹತ್ತಬೇಡಿ, ಜಾರುತ್ತವೆ.

ಸೈಕಲ್ ಸಮೇತ ಮರಳುವುದು ಹೇಗೆ?

2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ 110 ಕಿಲೋಮೀಟರ್ ಉದ್ದದ ಬೀದರ್-ಕಲಬುರಗಿ ರೈಲು ಮಾರ್ಗವಿದೆ. ಸೈಕಲ್ಲನ್ನು ಟಿಕೆಟಿನ ಮೇಲೆ ಲಗೇಜಾಗಿ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ನೀವು ಹೋಗುವ ರೈಲಿಗೆ ಲಗೇಜ್ ವ್ಯಾನ್ ಇದೆಯೇ ಎಂದು ಹಿಂದಿನ ದಿನವೇ ವಿಚಾರಿಸಿರಿ. ದೀಪ, ಬಾಟಲಿ, ಪಂಪು ಬಿಚ್ಚಿಟ್ಟುಕೊಂಡು, ಗೇರಿನ ಭಾಗಕ್ಕೆ ಹಳೆ ಬಟ್ಟೆ ಸುತ್ತಿ, ಹೆಸರು ಮತ್ತು ಇಳಿಯುವ ನಿಲ್ದಾಣ ಬರೆದ ರಟ್ಟನ್ನು ಎರಡು ಕಡೆ ಕಟ್ಟಿರಿ. ಸರ್ಕಾರಿ ಬಸ್ಸಿನಲ್ಲಿ ಸೈಕಲ್ಲಿಗೆ ಜಾಗ ಸಿಗುವುದು ಕಂಡಕ್ಟರರ ಮರ್ಜಿ ಮತ್ತು ಅಂದಿನ ಗದ್ದಲಕ್ಕೆ ಬಿಟ್ಟದ್ದು. ಕಲಬುರಗಿಯ ಕಡೆಗೇ ಮರಳುವವರಲ್ಲಿ ಕೆಲವರು ಮರುದಿನ ಸೈಕಲ್ಲಿನಲ್ಲೇ ಹೊರಡುವುದುಂಟು. ಆಗ ಗಾಳಿ ಬೆನ್ನಿಗಿರುತ್ತದೆ, ನೆಲ ಇಳಿಯುತ್ತಾ ಹೋಗುತ್ತದೆ. ಅವರಿಗೆ ವಾಹನ ಮತ್ತು ಜೊತೆಗಾರರ ವ್ಯವಸ್ಥೆ ತಂಡದಿಂದ ಇರುವುದಿಲ್ಲ.